ತಾನಾಗಿಯೇ ಬೀಳುವ ಸಂಖ್ಯೆ

ಬಸ್ಸಿನ ಟಾಪಿನ ಮೇಲಿಟ್ಟ ಕಾರ್ಡಿನ ಪೆಟ್ಟಿಗೆ ಶಿರಾದ ಹತ್ತಿರ ಎಲ್ಲೋ ಉರುಳಿ ಬೀಳಬಹುದಿತ್ತು. ಬೀಳದಿದ್ದರೆ ಮಳೆಗೆ ನೆನೆಯಬಹುದಿತ್ತು. ಟಾಪಿನ ಮೇಲೆ ಬೇಡವೆಂದು ತೊಡೆಯ ಮೇಲಿಟ್ಟುಕೊಂಡರೆ, ಹಿರಿಯೂರಿನಲ್ಲಿ ಕಾಫಿಗೆ ಇಳಿದಾಗ ಯಾರಾದರೂ ಮಿಠಾಯಿ ಪೆಟ್ಟಿಗೆಯೆಂದು ಎತ್ತಿಕೊಂಡು ಹೋಗಬಹುದಿತ್ತು. ಕಚೇರಿಯಲ್ಲೇ ಇಟ್ಟರೆ ಇಲಿ ಇತ್ತು, ಗೆದ್ದಲು ಇತ್ತು, ಸೋರುವ ಹೆಂಚಿತ್ತು. ಕೈಜಾರಿ ಕಾರ್ಡುಗಳು ಚೆಲ್ಲಿ ಕ್ರಮ ತಪ್ಪಿದರೆ ಹೊಳಲ್ಕೆರೆಯ ಮೇಷ್ಟ್ರಿಗೆ ಹಿರಿಯೂರಿನ ಮೇಷ್ಟ್ರ ಸೇವಾವಧಿ ಅಂಟಿಕೊಂಡು, ನಿನ್ನೆ ಕೆಲಸಕ್ಕೆ ಸೇರಿದವನು ನಾಳೆ ನಿವೃತ್ತನಾಗಬಹುದಿತ್ತು. ಬೆಂಗಳೂರಿನಲ್ಲಿ ಕರೆಂಟು ಹೋಗಬಹುದಿತ್ತು. ಕರೆಂಟಿದ್ದರೂ ಕಂಪ್ಯೂಟರಿನ ಕೋಣೆಯನ್ನು ತಂಪು ಮಾಡುವ ಯಂತ್ರ ಕೆಟ್ಟು, 'ಮುಂದಿನ ಭಾನುವಾರ ಬನ್ನಿ' ಎನ್ನಬಹುದಿತ್ತು. ಅಲ್ಲಿಯವರ ಕಾಗದ ಮುಗಿದಿರಬಹುದಿತ್ತು. ನನಗೆ ಜ್ವರ ಬರಬಹುದಿತ್ತು.

ಇವನ್ನೆಲ್ಲ ಒಂದು ನೋಟುಬುಕ್ಕಿನಲ್ಲಿ ಬರೆದಿಟ್ಟಿದ್ದೆ. ಮೂವತ್ತೊಂದು ಬಗೆಯ ಅನಾಹುತ, ಪ್ರತಿಯೊಂದರ ಎದುರಿಗೆ ಪರಿಹಾರ. ಜ್ವರದ ಎದುರಿಗೆ 'ಕಷಾಯ' ಎಂದು ಬರೆದಿತ್ತು. ಮದುವೆಯಾದ ಹೊಸತರಲ್ಲಿ ನನ್ನ ಹೆಂಡತಿ ಆ ಪುಸ್ತಕ ಓದಿ, "ಇದ್ರಾಗೆ ನಾನೆಷ್ಟನೇ ನಂಬರಿಗೆ ಬರ್ತೀನಿ?" ಅಂದಿದ್ದಳು. ಈಗ ನನಗೆ ಐವತ್ತಕ್ಕೆ ಎರಡೇ ಕಮ್ಮಿ, ಪುಸ್ತಕ ಇನ್ನೂ ಕಪಾಟಿನಲ್ಲಿದೆ. ಆ ಮೂವತ್ತೊಂದರಲ್ಲಿ ಒಂದೂ ನಡೆಯಲಿಲ್ಲ ಎಂಬುದು ನನ್ನ ಜೀವನದ ದೊಡ್ಡ ಕಿರಿಕಿರಿಗಳಲ್ಲೊಂದು.

ಹೋದ ತಿಂಗಳು ಚಿತ್ರದುರ್ಗಕ್ಕೆ ಹೋಗಿದ್ದೆ, ಒಂದು ಪ್ರಮಾಣಪತ್ರಕ್ಕೆ. ಗುಂಡಿ ಒತ್ತಿ ಕಾಗದ ತೆಗೆದುಕೊಟ್ಟ ಹುಡುಗಿ ನನ್ನ ಮಗಳ ವಯಸ್ಸಿನವಳು. ಕಾಗದದ ಕೆಳತುದಿಯಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಯಾವ ಪ್ರೋಗ್ರಾಂ, ಅದರ ಎಷ್ಟನೇ ತಿದ್ದುಪಡಿ, ಯಾವ ತಾರೀಖಿನದು ಎಂದೆಲ್ಲ ಅಚ್ಚಾಗಿತ್ತು. ನಾನು ಕನ್ನಡಕ ಏರಿಸಿ ಅದನ್ನೇ ಓದುತ್ತಾ ನಿಂತೆ.

"ಅದನ್ಯಾಕೆ ನೋಡ್ತೀರಿ ಸಾರ್? ಮ್ಯಾಲೆ ನಿಮ್ ಹೆಸ್ರು ಸರಿ ಐತಾ ನೋಡ್ಕಳ್ರಿ. ಅದು ತಾನೇ ಬರ್ತೈತೆ."

ತಾನೇ ಬರುತ್ತದಂತೆ. ಹೊರಗೆ ಬಂದು ಬೇವಿನ ಮರದ ಕೆಳಗೆ ನಿಂತೆ. ಕೋಟೆಯ ಬಂಡೆಗಳ ಮೇಲಿಂದ ಬರುವ ಗಾಳಿ ಆ ಹೊತ್ತಿನಲ್ಲಿ ಕಾವಲಿಯ ಹಬೆಯ ಹಾಗಿರುತ್ತದೆ. ಅದು ಮುಖಕ್ಕೆ ಬಡಿದದ್ದೇ ಆ ವರ್ಷ ಪೂರ್ತಿ ನೆನಪಿಗೆ ಬಂತು, ಹೊಟ್ಟೆಯುರಿಯ ಸಮೇತ.

ತುರ್ತುಪರಿಸ್ಥಿತಿ ಮುಗಿದ ಮರುವರ್ಷ ಅದು. ನಾನು ದುರ್ಗದ ಒಂದು ಕಚೇರಿಯಲ್ಲಿ ಗುಮಾಸ್ತ. ಪ್ರಾಥಮಿಕ ಶಾಲೆಗಳ ಮೇಷ್ಟ್ರುಗಳನ್ನು ಈ ಊರಿಂದ ಆ ಊರಿಗೆ ವರ್ಗ ಮಾಡುವ ವಿಭಾಗ. ವರ್ಗಾವಣೆಯ ಕಾಲ ಬಂತೆಂದರೆ ನಮ್ಮ ಸಾಹೇಬರ ಮನೆಯ ಮುಂದೆ ಭೀಮಸಮುದ್ರದ ಅಡಿಕೆ ಸಾಹುಕಾರರ ಬೈಕಿನಿಂದ ಹಿಡಿದು ಮಠದ ಜೀಪಿನವರೆಗೆ ಎಲ್ಲವೂ ನಿಲ್ಲುತ್ತಿದ್ದವು. ಪ್ರತಿಯೊಂದರಲ್ಲೂ ಒಂದೊಂದು ಶಿಫಾರಸು. ರೋಸಿಹೋದ ಸಾಹೇಬರು ಯಾವುದೋ ತರಬೇತಿಯಲ್ಲಿ ಕಂಪ್ಯೂಟರ್ ನೋಡಿ ಬಂದವರೇ, "ಈ ಸಲ ವರ್ಗಾವಣೆ ಮಿಷಿನ್ ಮಾಡುತ್ತೆ ಕಣಯ್ಯಾ. ಮಿಷಿನ್ನಿಗೆ ಅಳಿಯ ಇಲ್ಲ, ಭಾಮೈದ ಇಲ್ಲ" ಎಂದು ಸಾರಿಬಿಟ್ಟರು. ಬಿ.ಎಸ್ಸಿ.ಯಲ್ಲಿ ಗಣಿತ ಓದಿದ್ದ ಪಾಪಕ್ಕೆ ನನ್ನನ್ನು ಒಂದು ತಿಂಗಳು ಬೆಂಗಳೂರಿಗೆ ಕಲಿಯಲು ಕಳಿಸಿದರು.

ಕಂಪ್ಯೂಟರ್ ಇದ್ದದ್ದು ಬೆಂಗಳೂರಿನ ಒಂದು ಸಂಸ್ಥೆಯಲ್ಲಿ, ಅದೂ ನಮಗೆ ಭಾನುವಾರ ಮಾತ್ರ. ನಮ್ಮ ಕಚೇರಿಯಲ್ಲಿದ್ದದ್ದು ಕಾರ್ಡಿಗೆ ತೂತು ಹೊಡೆಯುವ ಒಂದು ಯಂತ್ರ. ಪೋಸ್ಟ್ ಕಾರ್ಡಿಗಿಂತ ಸ್ವಲ್ಪ ಉದ್ದದ ದಪ್ಪ ಕಾರ್ಡು. ಎಲ್ಲಿ ತೂತು ಬಿದ್ದಿದೆ ಎನ್ನುವುದರ ಮೇಲೆ ಅದು ಯಾವ ಅಂಕಿ, ಯಾವ ಅಕ್ಷರ ಎಂದು ಕಂಪ್ಯೂಟರ್ ಓದುತ್ತಿತ್ತು. ಒಬ್ಬೊಬ್ಬ ಮೇಷ್ಟ್ರಿಗೆ ಒಂದೊಂದು ಕಾರ್ಡು. ಅದಲ್ಲದೆ ಯಾರನ್ನು ಎಲ್ಲಿಗೆ ಹಾಕಬೇಕೆಂಬ ನಿಯಮಗಳದೇ ಒಂದು ಕಟ್ಟು, ಅದಕ್ಕೆ ಪ್ರೋಗ್ರಾಂ ಅನ್ನುತ್ತಿದ್ದರು. ಎರಡನ್ನೂ ಪೆಟ್ಟಿಗೆಯಲ್ಲಿ ಜೋಡಿಸಿಕೊಂಡು ಶನಿವಾರ ಬಸ್ಸು ಹತ್ತುವುದು, ಭಾನುವಾರ ಪಟ್ಟಿ ತೆಗೆಸುವುದು, ಸೋಮವಾರ ತಾಲೂಕುಗಳಿಗೆ ಕಳಿಸುವುದು. ನನ್ನ ಕೆಲಸ ಇಷ್ಟೇ ಎಂದು ಸಾಹೇಬರು ಹೇಳಿದ್ದರು.

ನಿಯಮಗಳು ನಿಂತ ಕಡೆ ನಿಂತಿದ್ದರೆ ಇಷ್ಟೇ ಆಗುತ್ತಿತ್ತು. ಮೇ ತಿಂಗಳಲ್ಲಿ ಮುಗಿಯಬೇಕಾದ ವರ್ಗಾವಣೆ ಜೂನಿಗೆ ಹೋಯಿತು, ಆಗಸ್ಟ್ ಆಯಿತು. ಗಂಡ ಹೆಂಡತಿ ಇಬ್ಬರೂ ಮೇಷ್ಟ್ರಾದರೆ ಒಂದೇ ಊರು ಎಂದು ಒಂದು ವಾರ ಆದೇಶ ಬಂದರೆ, ಒಂದೇ ಊರಲ್ಲ, ಒಂದೇ ಹೋಬಳಿ ಸಾಕು ಎಂದು ಮರುವಾರ. ಪ್ರತಿ ಆದೇಶಕ್ಕೂ ನಾನು ಹತ್ತಿಪ್ಪತ್ತು ಕಾರ್ಡು ಕಿತ್ತು ಹೊಸದು ಹೊಡೆದು, ಪ್ರೋಗ್ರಾಮನ್ನು ಮತ್ತೆ ಕಟ್ಟಿ, ಮತ್ತೆ ಬಸ್ಸು ಹತ್ತುತ್ತಿದ್ದೆ. ಹೊಸ ಪಟ್ಟಿ ಬರುತ್ತಿತ್ತು. ಹಳೆಯ ಪಟ್ಟಿಗೂ ಹೊಸ ಪಟ್ಟಿಗೂ ನೋಡಲು ಕೂದಲೆಳೆಯಷ್ಟೂ ವ್ಯತ್ಯಾಸವಿರುತ್ತಿರಲಿಲ್ಲ. ಅದೇ ಅಗಲದ ಕಾಗದ, ಅದೇ ದಪ್ಪ ಇಂಗ್ಲಿಷ್ ಅಕ್ಷರ. ಯಾವುದು ಯಾವ ಪ್ರೋಗ್ರಾಮಿನಿಂದ ಬಂದದ್ದೆಂದು ನನಗೇ ತಿಳಿಯುತ್ತಿರಲಿಲ್ಲ.

ಇದರ ಫಲ ಮೊದಲು ಕಂಡದ್ದು ಹೊಸದುರ್ಗ ತಾಲೂಕಿನ ಒಂದು ಹಳ್ಳಿ ಶಾಲೆಯಲ್ಲಿ. ಅಲ್ಲಿಗೆ ಒಂದೇ ದಿನ ಇಬ್ಬರು ಮೇಷ್ಟ್ರು ಟ್ರಂಕು ಹಾಸಿಗೆ ಸಮೇತ ಬಂದಿಳಿದರು. ಇಬ್ಬರ ಕೈಯಲ್ಲೂ ಪಟ್ಟಿ, ಇಬ್ಬರೂ ಹೇಳಿದ್ದು ತಮ್ಮದೇ ಕೊನೆಯದೆಂದು. ವಿಚಾರಿಸಲು ನನ್ನನ್ನೇ ಕಳಿಸಿದರು. ಹೆಡ್ಮೇಷ್ಟ್ರು ಒಂದೇ ಒಂದು ಕುರ್ಚಿಯನ್ನು ಇಬ್ಬರ ನಡುವೆ ಇಟ್ಟು ತಾವು ಹೊಸ್ತಿಲ ಮೇಲೆ ಕುಂತಿದ್ದರು.

"ಬರ್ರಿ ಕಂಪ್ಯೂಟರ್ ಸಾಹೇಬ್ರೆ. ಬೆಳಗ್ಗೆಯಿಂದ ಒಬ್ರು ಒಂದರ ಮಗ್ಗಿ ಹೇಳಿಸ್ತಾರೆ, ಇನ್ನೊಬ್ರು ಎರಡರ ಮಗ್ಗಿ ಹೇಳಿಸ್ತಾರೆ. ಹುಡುಗ್ರು ಎತ್ಲಾಗೂ ಸೇರ್ದೆ ಒಂದೂವರೆ ಮಗ್ಗಿ ಹೇಳ್ತಾ ಅವ್ರೆ. ಯಾವ ಪಟ್ಟಿ ಖರೆ ಅಂತ ನೀವೇ ಹೇಳ್ರಿ."

ನಾನು ಎರಡೂ ಪಟ್ಟಿಯನ್ನು ಪಕ್ಕಪಕ್ಕ ಇಟ್ಟು ಕಾಲು ಗಂಟೆ ನೋಡಿದೆ. ಖರೆ ಯಾವುದೆಂದು ಗೊತ್ತಾಗಲಿಲ್ಲ. ದುರ್ಗಕ್ಕೆ ಹೋಗಿ ತಿಳಿಸುತ್ತೇನೆ ಎಂದೆ. "ಅಲ್ಲಿಗಂಟ ಕುರ್ಚಿ?" ಎಂದು ಕೇಳಿದರು.

ಪಟ್ಟಿಯ ಮೇಲೆ ಪೆನ್ನಿನಿಂದ ಸಂಖ್ಯೆ ಬರೆಯೋಣವೆಂದು ಶುರು ಮಾಡಿದೆ. ಎರಡು ಸಲ ಬರೆದೆ, ಮೂರನೇ ಸಲ ಮರೆತೆ. ಮರೆತ ಪಟ್ಟಿಗೆ ಹಿರಿಯೂರಿನ ಯಾರೋ ತಾವೇ 'ಐದು' ಎಂದು ಬರೆದುಕೊಂಡರು. ಮನುಷ್ಯನ ಕೈ ತಾಗುತ್ತಿರುವವರೆಗೆ ಇದು ಸರಿಯಾಗದು ಎಂದು ಆಗ ನಿಶ್ಚಯಿಸಿದೆ. ನನ್ನ ಮೇಲೆ ನನಗೆ ಎಂದೂ ಭರವಸೆ ಇರಲಿಲ್ಲ. ಸಂಖ್ಯೆ ಪ್ರೋಗ್ರಾಮಿನ ಹೊಟ್ಟೆಯೊಳಗಿಂದಲೇ ಬರಬೇಕು, ಪ್ರತಿ ಹಾಳೆಯ ತಲೆಯ ಮೇಲೆ ತಾನಾಗಿಯೇ ಬೀಳಬೇಕು.

ಹಗಲೆಲ್ಲ ತಲೆ ಕೆರೆದುಕೊಂಡು ಒಂದು ಉಪಾಯ ಕಂಡುಕೊಂಡೆ. ಪೆಟ್ಟಿಗೆಯಲ್ಲಿ ಎಲ್ಲಕ್ಕಿಂತ ಮುಂದೆ ಒಂದು ಸಂಖ್ಯೆಯ ಕಾರ್ಡು. ಕಂಪ್ಯೂಟರ್ ಅದನ್ನು ಮೊದಲು ಓದಿಕೊಂಡು ಆ ಸಂಖ್ಯೆಯನ್ನು ಹಾಳೆ ಹಾಳೆಯ ಮೇಲೂ ಹಾಕುತ್ತದೆ. ಕೆಲಸ ಮುಗಿದ ಮೇಲೆ ಒಂದು ಕೂಡಿ, ಮುಂದಿನ ಸಂಖ್ಯೆಗೆ ತಾನೇ ಹೊಸ ಕಾರ್ಡು ತೂತು ಹೊಡೆದು ಉಗುಳುತ್ತದೆ. ಆ ಕಾರ್ಡನ್ನು ಪೆಟ್ಟಿಗೆಯ ಮುಂದಿಟ್ಟರಾಯಿತು. ನಾನು ಬರೆಯುವುದಿಲ್ಲ, ಎಣಿಸುವುದಿಲ್ಲ, ನೆನಪಿಡುವುದಿಲ್ಲ. ಬೆಂಗಳೂರಿನ ಸಂಸ್ಥೆಯ ಆಪರೇಟರ್ ನೋಡಿ, "ಪರವಾಗಿಲ್ವೇ, ಗುಮಾಸ್ತರಿಗೂ ತಲೆ ಇದೆ" ಎಂದ. ಅದನ್ನು ಹೊಗಳಿಕೆಯೆಂದೇ ತಿಳಿದು ವಾಪಸು ಬಸ್ಸಿನುದ್ದಕ್ಕೂ ಉಬ್ಬಿ ಕುಳಿತಿದ್ದೆ.

ಸಾಹೇಬರ ಸಹಿ ಹಾಕಿಸಿ ಎಲ್ಲ ತಾಲೂಕಿಗೂ ಸುತ್ತೋಲೆ ಹೊರಡಿಸಿದೆ. ಅದರ ಒಕ್ಕಣೆ ನನ್ನದೇ: ಇನ್ನು ಮುಂದೆ ಪಟ್ಟಿಯ ತಲೆಯ ಮೇಲೆ ಯಂತ್ರವೇ ಹಾಕಿದ ಸಂಖ್ಯೆಯೊಂದೇ ಪ್ರಮಾಣ, ಹೆಚ್ಚಿನ ಸಂಖ್ಯೆಯ ಪಟ್ಟಿ ಊರ್ಜಿತ, ಕಡಿಮೆ ಸಂಖ್ಯೆಯದು ಯಾವಾಗ ತಲುಪಿದರೂ ರದ್ದು, ಈ ವಿಷಯದಲ್ಲಿ ಯಾರೂ ಸ್ವಂತ ಬುದ್ಧಿ ಉಪಯೋಗಿಸತಕ್ಕದ್ದಲ್ಲ. ಕೊನೆಯ ವಾಕ್ಯ ಬರೆದು ಎರಡು ಸಲ ಗಟ್ಟಿಯಾಗಿ ಓದಿಕೊಂಡಿದ್ದೆ.

ಹಸ್ತದ ಮಳೆ ಹಿಡಿದಿತ್ತು. ಕಚೇರಿಯ ಹೆಂಚಿನಿಂದ ಮೂರು ಕಡೆ ನೀರು. ನಮ್ಮ ಅಟೆಂಡರ್ ತಿಪ್ಪೇಸ್ವಾಮಿ ಮೂರೂ ಕಡೆ ಬಕೆಟು ಇಟ್ಟು ಪೆಟ್ಟಿಗೆಯನ್ನು ಬೀರುವಿನ ಮೇಲಿಂದ ಮೇಜಿಗೆ, ಮೇಜಿನಿಂದ ಬೀರುವಿಗೆ ಏರಿಸಿ ಇಳಿಸುತ್ತಿದ್ದ. ಐವತ್ತೈದರ ಗಟ್ಟಿ ಮನುಷ್ಯ, ಆ ಪೆಟ್ಟಿಗೆಗೆ ನನಗಿಂತ ಹೆಚ್ಚು ಮರ್ಯಾದೆ ಕೊಡುತ್ತಿದ್ದ. ಅಂಥದೊಂದು ಮಳೆಯ ಮಧ್ಯಾಹ್ನ ಸುಶೀಲಮ್ಮ ಬಂದರು. ಸೆರಗು ತೊಯ್ದಿತ್ತು. ಕೈಯಲ್ಲಿ ಪ್ಲಾಸ್ಟಿಕ್ ಸುತ್ತಿದ ಅರ್ಜಿ. ಹೊಸದುರ್ಗ ತಾಲೂಕಿನ ಮತ್ತೋಡಿನ ಶಾಲೆಯ ಟೀಚರು. ಗಂಡ ಮಿಲಿಟರಿಯಲ್ಲಿ, ಎಲ್ಲೋ ಗಡಿಯಲ್ಲಿ. ಬಿ.ದುರ್ಗವೆಂಬ ಹಳ್ಳಿಗೆ ವರ್ಗ ಬೇಕೆಂದು ಕೇಳಿ ಇದು ಎರಡನೇ ವರ್ಷ.

"ಕುಂತ್ಕಳ್ರಿ" ಎಂದೆ. "ಬಿ.ದುರ್ಗದಾಗೆ ಏನೈತೆ ನಿಮಗೆ?"

"ಮಗಳು ಅವಳೆ ಸಾರ್. ಹುಟ್ಟಿ ಐದು ತಿಂಗ್ಳಿಗೆ ನಮ್ಮಕ್ಕನ ತಾವ ಬಿಟ್ಟೆ. ಮತ್ತೋಡಿನಾಗೆ ನಂಗೆ ಯಾರೂ ಇಲ್ಲ, ಶಾಲೆಗೆ ಹೋದ್ರೆ ಕೂಸನ್ನ ನೋಡೋರು ಬೇಕಲ್ಲ. ಭಾನುವಾರ ಭಾನುವಾರ ಮೂರು ಬಸ್ಸು ಬದಲಾಯ್ಸಿ ಹೋಗಿ ಬರ್ತೀನಿ. ಈಗ ಮೂರು ತುಂಬ್ತು ಸಾರ್. ಅಕ್ಕನ್ನ ಅವ್ವಾ ಅಂತಾಳೆ."

"ನಿಮ್ಮನ್ನ?"

"ನನ್ನ ಏನೂ ಅನ್ನಲ್ಲ. ಸುಮ್ನೆ ನೋಡ್ತಾಳೆ. ಈ ವರ್ಷ ಸೇರ್ಕಂಡ್ರೆ ದಾರಿಗೆ ಬರ್ತಾಳೆ ಅಂತಾಳೆ ಅಕ್ಕ. ಇನ್ನೊಂದು ವರ್ಷ ಬಿಟ್ರೆ ಆಗಲ್ಲ ಅಂತಾಳೆ."

ಅಷ್ಟು ಹೊತ್ತಿಗೆ ಹನ್ನೆರಡನೇ ಪಟ್ಟಿ ಹೋಗಿಬಿಟ್ಟಿತ್ತು. ಅದರಲ್ಲಿ ಬಿ.ದುರ್ಗದ ಖಾಲಿ ಜಾಗಕ್ಕೆ ಹೊಸದುರ್ಗ ತಾಲೂಕಿನವರೇ ಆದ ಕೆಂಚಪ್ಪ ಎಂಬ ಮೇಷ್ಟ್ರು ಬಿದ್ದಿದ್ದರು, ದಸರಾ ರಜೆ ಮುಗಿದ ದಿನ ಅಲ್ಲಿ ಹಾಜರಾಗಬೇಕಿತ್ತು. ಸೇವಾವಧಿ ಹೆಚ್ಚು, ನಿಯಮ ಪ್ರಕಾರ ಸರಿ. ಸೈನಿಕರ ಹೆಂಡತಿಯರಿಗೆಂದು ನಿಯಮವೇ ಇರಲಿಲ್ಲ. ಹಾಗೆಂದು ಹೇಳಿದರೆ ಸುಶೀಲಮ್ಮ ಅಳಲಿಲ್ಲ, ಬೈಯಲೂ ಇಲ್ಲ. "ನಿಯಮ ಮಾಡೋರು ಯಾರು ಸಾರ್?" ಎಂದರು. ನಾನು ಒಳಕೋಣೆಯ ಬಾಗಿಲು ತೋರಿಸಿದೆ.

ಅರ್ಧ ಗಂಟೆಯ ಮೇಲೆ ಹೊರಗೆ ಬಂದರು. ಹಿಂದೆಯೇ ಸಾಹೇಬರೂ ಬಂದರು. ಅವರ ಅಣ್ಣನೂ ಮಿಲಿಟರಿಯಲ್ಲಿ ಇದ್ದವನಂತೆ, ನನಗೆ ಅದುವರೆಗೆ ಗೊತ್ತಿರಲಿಲ್ಲ. ಬೆಂಗಳೂರಿಗೆ ಟ್ರಂಕ್ ಕಾಲ್ ಹಾಕಿ, ಕೂಗಿ ಕೂಗಿ ಗಂಟಲು ಒಣಗಿಸಿಕೊಂಡು ಒಪ್ಪಿಗೆ ತೆಗೆದುಕೊಂಡರು. ಸೈನಿಕರ ಹೆಂಡತಿಯರು ಕೇಳಿದ ಊರಿನಲ್ಲಿ ಜಾಗವಿದ್ದರೆ ಅವರಿಗೇ ಮೊದಲು. ಜಿಲ್ಲೆಯಲ್ಲಿ ಅಂಥವರು ಬೆರಳೆಣಿಕೆ, ಹೊಸದುರ್ಗ ತಾಲೂಕಿನಲ್ಲಿ ಈಕೆ ಒಬ್ಬರೇ. ಆದರೆ ಒಂದು ಷರತ್ತು: ಏನು ಮಾಡುವುದಿದ್ದರೂ ದಸರಾ ರಜೆಯೊಳಗೆ. ಶಾಲೆ ಬಾಗಿಲು ತೆಗೆದ ದಿನ ಯಾರು ಎಲ್ಲಿ ಹಾಜರಿ ಹಾಕುತ್ತಾರೋ ಅಲ್ಲೇ. ಮುಂದಿನ ಮೇ ತನಕ ಬ್ರಹ್ಮ ಬಂದರೂ ಬದಲಿಲ್ಲ.

ಸುಶೀಲಮ್ಮ ಹೊರಡುವಾಗ, "ಹಂಗಾರೆ ಮನೆ ಬಿಟ್ಟುಬಿಡ್ಲಾ ಸಾರ್? ಮನೆ ಮಾಲೀಕ್ರು ಕೇಳ್ತಾ ಅವ್ರೆ" ಎಂದರು. ಸಾಮಾನ್ಯವಾಗಿ ನಾನು 'ತಡೀರಿ, ನೋಡೋಣ' ಎನ್ನುವವನು. ಅಂದು ಏನಾಯಿತೋ, "ಬಿಟ್ಬಿಡ್ರಿ" ಎಂದುಬಿಟ್ಟೆ.

ರಜೆ ಶುರುವಾಯಿತು. ನಾಲ್ಕು ದಿನ ಕುಳಿತು ಹೊಸ ನಿಯಮಕ್ಕೆ ಕಾರ್ಡು ಹೊಡೆದೆ, ಎಂಟು ಸಲ ತಾಳೆ ನೋಡಿದೆ. ಆಯುಧಪೂಜೆಯ ಬೆಳಿಗ್ಗೆ ಮನೆಯಲ್ಲಿ ಸೈಕಲ್ಲಿನ ಪೂಜೆ ಮುಗಿಸಿ ಕಚೇರಿಗೆ ಹೋದರೆ ತಿಪ್ಪೇಸ್ವಾಮಿಯದು ಎಲ್ಲ ಮುಗಿದಿತ್ತು. ಬೀರುವಿಗೆ ಮಾವಿನ ಸೊಪ್ಪು, ಟೈಪ್‌ರೈಟರಿಗೆ ಕುಂಕುಮ, ತೂತಿನ ಯಂತ್ರಕ್ಕೆ ಚೆಂಡುಹೂವಿನ ಹಾರ, ಬಾಗಿಲಲ್ಲಿ ಒಡೆದ ಬೂದಗುಂಬಳ. ಮೇಜಿನ ನಡುವೆ ಮುಚ್ಚಳ ತೆಗೆದ ನನ್ನ ಪೆಟ್ಟಿಗೆ. ಮೊದಲ ಕಾರ್ಡಿನ ಮೇಲೆ ತೇದ ಗಂಧದ ಮೂರು ಬೊಟ್ಟು, ಅದರ ಮೇಲೆ ಕುಂಕುಮ, ಅದರ ಮೇಲೆ ಒಂದು ಎಸಳು.

"ಲೇ ತಿಪ್ಪೇಸ್ವಾಮಿ! ಏನ್ ಮಾಡಿದ್ಯೋ!"

"ಯಾಕ್ ಸಾರ್ ಹಂಗೆ ಕೂಗ್ತೀರಿ ಹಬ್ಬದ ದಿನ? ಪಂಚರ್ ಅಂಗಡಿಯೋನು ಪಂಪಿಗೆ ಪೂಜೆ ಮಾಡ್ತಾನೆ. ಇಡೀ ಜಿಲ್ಲೆ ಮೇಷ್ಟ್ರುನ್ನ ಕುಣಿಸೋ ಪೆಟ್ಟಿಗೆಗೆ ಒಂದು ಬೊಟ್ಟು ಇಡಬಾರ್ದಾ? ಒಳಗಿನ ಒಂದು ಕಾರ್ಡೂ ಮುಟ್ಟಿಲ್ಲ. ದೇವರಾಣೆ."

ಮುಟ್ಟಿರಲಿಲ್ಲ ನಿಜ. ಒಂದೊಂದೇ ಎಣಿಸಿ, ಬೆಳಕಿಗೆ ಹಿಡಿದು ನೋಡಿದೆ. ನಿಯಮದ ಕಾರ್ಡುಗಳು ಸರಿ, ಹೆಸರಿನವು ಸರಿ. ಗಂಧ ಬಿದ್ದದ್ದು ಎಲ್ಲಕ್ಕಿಂತ ಮುಂದಿನ, ಬರೀ ಸಂಖ್ಯೆಯ ಕಾರ್ಡಿನ ಮೇಲೆ. ಅದನ್ನು ಪಂಚೆಯ ತುದಿಯಿಂದ ಒರೆಸಿ, ಎಡೆಯ ಬಾಳೆಹಣ್ಣು ತಿಂದು, ತಿಪ್ಪೇಸ್ವಾಮಿಗೆ ಬೈದದ್ದಕ್ಕೆ ಪಶ್ಚಾತ್ತಾಪಪಟ್ಟು ಮನೆಗೆ ಹೋದೆ. ಆ ಕಾರ್ಡನ್ನು ಯಾಕೆ ಬೆಳಕಿಗೆ ಹಿಡಿಯಲಿಲ್ಲ ಎಂದು ಇಪ್ಪತ್ತು ವರ್ಷದಿಂದ ನನ್ನನ್ನೇ ಕೇಳಿಕೊಳ್ಳುತ್ತಿದ್ದೇನೆ. ಉತ್ತರ ಸುಲಭವಾಗಿದೆ, ಅದಕ್ಕೇ ಸಿಟ್ಟು ಬರುತ್ತದೆ. ಯಾವುದನ್ನು ಇನ್ನು ನೋಡಬೇಕಾಗಿಲ್ಲವೆಂದು ಅಷ್ಟು ಕಷ್ಟಪಟ್ಟು ಏರ್ಪಾಡು ಮಾಡಿದ್ದೆನೋ ಅದನ್ನು ನೋಡಲಿಲ್ಲ.

ಭಾನುವಾರ ಬೆಂಗಳೂರು. ಮಳೆ ಬರಲಿಲ್ಲ, ಕರೆಂಟು ಹೋಗಲಿಲ್ಲ, ಕೋಣೆ ಮಂಜಿನ ಹಾಗೆ ತಣ್ಣಗಿತ್ತು. ಕಾರ್ಡುಗಳು ಒಂದೂ ಸಿಕ್ಕಿಕೊಳ್ಳದೆ ಸರಸರ ಓಡಿದವು. ಅಚ್ಚಿನ ಯಂತ್ರ ಗುಡುಗಲು ಶುರು ಮಾಡಿದಾಗ ಓಡಿಹೋಗಿ ಹೊಸದುರ್ಗದ ಹಾಳೆ ಬರುವುದನ್ನೇ ಕಾದೆ. ಸುಶೀಲಮ್ಮನ ಹೆಸರು, ಮತ್ತೋಡಿನಿಂದ ಬಿ.ದುರ್ಗಕ್ಕೆ. ಬೆರಳಿಟ್ಟು ಮೂರು ಸಲ ಓದಿದೆ. ಕೆಂಚಪ್ಪನವರಿಗೆ ಬೇರೆ ಊರು ಸಿಕ್ಕಿತ್ತು. ಸೋಮವಾರ ತಾಲೂಕಿಗೊಂದರಂತೆ ಲಕೋಟೆ ಕಟ್ಟಿ, ಒಬ್ಬೊಬ್ಬ ಜವಾನನ ಕೈಯಲ್ಲಿ ಕೊಟ್ಟು ಕಳಿಸಿ, ತಲುಪಿದ್ದಕ್ಕೆ ಸಹಿ ತರಿಸಿಕೊಂಡೆ. ಬುಧವಾರ ಶಾಲೆಗಳು ಬಾಗಿಲು ತೆಗೆದವು.

ಗುರುವಾರ ಬೆಳಿಗ್ಗೆ, ಯಾರೂ ಕರೆಯದಿದ್ದರೂ, ಸುಮ್ಮನೆ ಕಣ್ಣಾರೆ ನೋಡಿ ಸಮಾಧಾನ ಮಾಡಿಕೊಂಡು ಬರೋಣವೆಂದು ಹೊಸದುರ್ಗದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಶೇಂಗಾ ಕೀಳುತ್ತಿದ್ದರು, ಹಸಿಮಣ್ಣಿನ ವಾಸನೆ ಬಸ್ಸಿನೊಳಗೆ ತುಂಬಿತ್ತು. ಹೊಸದುರ್ಗದ ಕಚೇರಿಯಲ್ಲಿ ಈ ಪಟ್ಟಿಗಳನ್ನು ನೋಡಿಕೊಳ್ಳುತ್ತಿದ್ದವರು ರಂಗಪ್ಪನವರು. ನಿವೃತ್ತಿಗೆ ಎರಡು ವರ್ಷ ಇದ್ದ, ಜುಟ್ಟಿನಷ್ಟೇ ಬಿಗಿಯಾಗಿ ಕಡತ ಕಟ್ಟುವ ಗುಮಾಸ್ತರು.

"ಬರ್ರಿ ಬರ್ರಿ. ನಿಮ್ ಸುತ್ತೋಲೆ ಬರೆದೋರ್ಯಾರ್ರಿ? ಇಂಥಾ ಚೊಕ್ಕ ಸುತ್ತೋಲೆ ನನ್ ಸರ್ವೀಸಿನಾಗೆ ನೋಡಿಲ್ಲ."

"ನಾನೇ" ಎಂದೆ. ನಾಚಿಕೆಯಾಯಿತು, ಸಂತೋಷವೂ ಆಯಿತು. "ಎಲ್ಲಾ ಸರಿಯಾಯ್ತಾ? ಮತ್ತೋಡಿನ ಟೀಚರಮ್ಮನ್ನ ಬಿಡುಗಡೆ ಮಾಡಿದ್ರಾ?"

"ಯಾವ ಟೀಚರಮ್ಮ? ಬಿ.ದುರ್ಗಕ್ಕೆ ಕೆಂಚಪ್ಪನ್ನ ಬಿಟ್ಟಿದೀನಿ. ನಿನ್ನೆ ಬೆಳಗ್ಗೆನೇ ಹೋಗಿ ಹಾಜರಾಗ್ಯಾನೆ."

"ಅದು ಹಳೇ ಪಟ್ಟಿ ರಂಗಪ್ಪನೋರೇ! ಸೋಮವಾರ ಹೊಸದು ಕಳ್ಸಿದೀನಲ್ಲ, ಸಹಿ ಹಾಕೀರಿ!"

"ಬಂತು, ಬರದೇ ಏನು." ಅವರು ನಿಧಾನವಾಗಿ ಕಡತ ಬಿಚ್ಚಿದರು. "ನೋಡ್ರಿ, ನನ್ ಹತ್ರ ಇರೋದು ಹನ್ನೆರಡು. ನೀವು ಕಳ್ಸಿರೋದು ಹತ್ತು. ಹತ್ತು ಆಗ್ಲೇ ಒಂದು ಬಂದೈತೆ, ಯಾರೋ ಮರ್ತು ಇನ್ನೊಂದು ಸಲ ಕಳ್ಸ್ಯಾರೆ ಅಂತ ಅದ್ರ ಜತೆಗೇ ಸೇರ್ಸಿದೀನಿ. 'ಕಡಿಮೆ ಸಂಖ್ಯೆಯದು ಯಾವಾಗ ತಲುಪಿದರೂ ರದ್ದು.' ಸ್ವಂತ ಬುದ್ಧಿ ಉಪಯೋಗಿಸ್ಲಿಲ್ಲ ನಾನು."

ಹೊಸ ಪಟ್ಟಿಯ ಪ್ರತಿ ಹಾಳೆಯ ತಲೆಯ ಮೇಲೂ, ತಾನಾಗಿಯೇ, ಒಪ್ಪವಾಗಿ, ಹತ್ತು ಎಂದು ಬಿದ್ದಿತ್ತು. ಹಾಳೆಗೊಂದರಂತೆ ಕೆಂಪು ಶಾಯಿಯಲ್ಲಿ ರಂಗಪ್ಪನವರ 'ರದ್ದು'.

ಬಳಸಿದ ಸಂಖ್ಯೆಯ ಕಾರ್ಡುಗಳನ್ನೆಲ್ಲ ಬೇಕಾದೀತೆಂದು ಕೈಚೀಲದಲ್ಲಿಟ್ಟುಕೊಂಡು ತಿರುಗುವುದು ನನ್ನ ಅಭ್ಯಾಸ. ಕೊನೆಯದನ್ನು ತೆಗೆದು ಕಿಟಕಿಯ ಬೆಳಕಿಗೆ ಹಿಡಿದೆ. ಒಂದರ ತೂತಿನಿಂದ ಬೆಳಕು ಬಂತು. ಪಕ್ಕದ ಮೂರರ ತೂತಿನಿಂದ ಬರಲಿಲ್ಲ. ನಾನು ಪಂಚೆಯಿಂದ ಒರೆಸಿದ್ದೆನಲ್ಲ, ಮೇಲಿನ ಗಂಧವನ್ನೆಲ್ಲ ಆ ತೂತಿನೊಳಕ್ಕೆ ಚೆನ್ನಾಗಿ ತುಂಬಿ ಒರೆಸಿದ್ದೆ. ಅಲ್ಲಿ ಏನೂ ಕಾಣದೆ ಕಂಪ್ಯೂಟರ್ ಸೊನ್ನೆ ಎಂದು ಓದಿಕೊಂಡಿತ್ತು. ಹದಿಮೂರು ಹತ್ತಾಗಿತ್ತು. ಉಗುರಿನಿಂದ ಕೆರೆದರೆ ಗಟ್ಟಿ ಗಂಧ ಮೇಜಿನ ಮೇಲೆ ಉದುರಿತು. ರಂಗಪ್ಪನವರು ಬೆರಳಲ್ಲಿ ಒತ್ತಿ ಮೂಸಿದರು.

"ಒಳ್ಳೇ ಗಂಧ" ಎಂದರು.

ದುರ್ಗಕ್ಕೆ ಫೋನ್ ಸಿಗಲು ಒಂದು ಗಂಟೆ ಹಿಡಿಯಿತು. ಸಾಹೇಬರು ಎಲ್ಲ ಕೇಳಿಸಿಕೊಂಡರು. ಉಳಿದ ತಾಲೂಕುಗಳಲ್ಲಿ ಏನಾಗಿದೆ ಎಂದು ಮೊದಲು ಕೇಳಿದರು. ದುರ್ಗದ ಲೈನಿಗೆ ಕಾಯುವಾಗಲೇ ಅಲ್ಲಿಗೆಲ್ಲ ಫೋನ್ ಮಾಡಿ ವಿಚಾರಿಸಿದ್ದೆ: ಹೊಳಲ್ಕೆರೆ, ಹಿರಿಯೂರು, ಎಲ್ಲ ಕಡೆಯೂ ಸರಿಯಾಗಿತ್ತು, ಏಕೆಂದರೆ ಅಲ್ಲಿ ಯಾರೂ ನನ್ನ ಸುತ್ತೋಲೆ ಓದಿರಲೇ ಇಲ್ಲ. ಕೊನೆಗೆ ಬಂದ ಲಕೋಟೆಯೇ ಕೊನೆಯ ಪಟ್ಟಿ ಎಂದು ಹಳೇ ಪದ್ಧತಿಯಲ್ಲಿ ಮುಗಿಸಿದ್ದರು. ಜಿಲ್ಲೆಯಲ್ಲಿ ನನ್ನ ಮಾತನ್ನು ನಂಬಿದವರು ರಂಗಪ್ಪನವರು ಒಬ್ಬರೇ.

"ಹಾಗಾದರೆ ಒಂದೇ ಕೇಸು" ಎಂದರು ಸಾಹೇಬರು. "ಆ ಕೆಂಚಪ್ಪ ಹಾಜರಿ ಹಾಕಿ ಆಗಿದೆ. ಈಗ ಮುಟ್ಟಿದರೆ ಅವನು ಬೆಂಗಳೂರಿಗೆ ಹೋಗ್ತಾನೆ. ಕಂಪ್ಯೂಟರ್ ತಪ್ಪು ಮಾಡ್ತು ಅಂತ ಗೊತ್ತಾದರೆ ಬೈಕು ಜೀಪು ಎಲ್ಲ ಮತ್ತೆ ನನ್ನ ಮನೆ ಮುಂದೆ ನಿಲ್ತವೆ. ಮೇಗೆ ನೋಡೋಣ. ನಾನು ಅವರಿಗೆ ಕಾಗದ ಬರೀತೀನಿ."

"ನಾನೇ ಹೋಗಿ ಹೇಳ್ತೀನಿ ಸಾರ್."

"ಹೇಳು" ಎಂದವರು ಮತ್ತೆ "ಹುಷಾರಾಗಿ ಹೇಳು" ಎಂದರು.

ಮತ್ತೋಡಿನಲ್ಲಿ ಇಳಿದಾಗ ಮಧ್ಯಾಹ್ನ ಇಳಿಯುತ್ತಿತ್ತು. ಮನೆ ಹುಡುಕಬೇಕಾಗಿರಲಿಲ್ಲ. ಜಗಲಿಯ ಮೇಲೆ ಟ್ರಂಕು, ಹಾಸಿಗೆ ಸುರುಳಿ, ಗೋಣಿಯಲ್ಲಿ ಕಟ್ಟಿದ ಪಾತ್ರೆ. ಬಿಡುಗಡೆಯ ಕಾಗದ ನಿನ್ನೆಯೇ ಬರುತ್ತದೆಂದು ಕಟ್ಟಿಟ್ಟವು, ಇಂದೂ ಹಾಗೇ ಕಾದಿದ್ದವು. ಸಾಮಾನು ಸಾಗಿಸಲು ಬಿ.ದುರ್ಗದಿಂದ ಅಕ್ಕ ಗೌರಮ್ಮ ಬಂದಿದ್ದರು. ಅವರ ಸೀರೆಯ ನೆರಿಗೆ ಹಿಡಿದುಕೊಂಡು ಒಂದು ಮಗು, ಎಣ್ಣೆ ಹಚ್ಚಿ ಬಾಚಿದ ತಲೆ, ಎರಡು ಜುಟ್ಟು. ನನ್ನನ್ನು ಕಂಡು ಸುಶೀಲಮ್ಮನ ಮುಖ ಅರಳಿತು. ಕಾಗದವನ್ನು ನಾನೇ ತಂದಿದ್ದೇನೆ ಎಂದುಕೊಂಡರು.

ಹೇಳಿದೆ. ಕಾರ್ಡು, ಗಂಧ, ತೂತು, ಹದಿಮೂರು, ಹತ್ತು, ಎಲ್ಲವನ್ನೂ ಹೇಳಿದೆ. ಯಾಕೆ ಅಷ್ಟು ವಿವರವಾಗಿ ಹೇಳಿದೆನೋ ತಿಳಿಯದು. ಮಧ್ಯೆ ಒಮ್ಮೆ ಕಾರ್ಡನ್ನೂ ತೆಗೆದು ತೋರಿಸಿದೆ. ಸುಶೀಲಮ್ಮ ಅದನ್ನು ಕೈಯಲ್ಲಿ ಹಿಡಿದು ಹಿಂದೆ ಮುಂದೆ ನೋಡಿದರು.

"ಮೇ ತಿಂಗ್ಳಾ?" ಎಂದರು ಕೊನೆಗೆ.

"ಮೇ ತಿಂಗಳು. ಖಂಡಿತ."

"ಎದುರು ಮನೆ ಒಂದು ಖಾಲಿ ಐತೆ ಅಕ್ಕ" ಎಂದು ಗೌರಮ್ಮನ ಕಡೆ ತಿರುಗಿದರು. "ಈ ಮನೆ ನಾಳೆಗೆ ಬಿಡ್ಬೇಕು. ನೀ ಹೊರ್ಡು, ಕೊನೇ ಬಸ್ಸು ತಪ್ಪಿದ್ರೆ ಕೂಸಿಗೆ ಕಷ್ಟ."

"ನ್ಯಾಯ ಕೇಳೇ ಇವ್ರನ್ನ!" ಎಂದು ಗೌರಮ್ಮ ನನ್ನ ಮೇಲೆ ಏರಿ ಬಂದರು. "ದೇವ್ರಿಗೆ ಇಡೋ ಗಂಧಾನ ಹೊಲಸು ಮಾಡಿ, ಈಗ ಕಾರ್ಡು ತೋರ್ಸಾಕೆ ಬಂದವ್ರೆ!"

"ಬೈಬ್ಯಾಡಕ್ಕ. ಪಾಪ, ಬಿಸಿಲಾಗೆ ಬಂದವ್ರೆ."

ಬೈದಿದ್ದರೆ ಒಳ್ಳೆಯದಿತ್ತು. ನಾನು ಟ್ರಂಕಿನ ಒಂದು ಹಿಡಿ ಹಿಡಿದೆ, ಸುಶೀಲಮ್ಮ ಇನ್ನೊಂದು ಹಿಡಿದರು. ಎದುರು ಮನೆಯ ಕಡೆಗೆ ನಾವು ಬೀದಿ ದಾಟುವುದನ್ನು ಆ ಮಗು ಗಮನವಿಟ್ಟು ನೋಡುತ್ತಿತ್ತು. ಎರಡು ದಿನದಿಂದ ಆ ಜಗಲಿಗೆ ಬಂದು ಹೋಗುವ ಶಾಲೆಯ ಮಕ್ಕಳ ಮಾತನ್ನೆಲ್ಲ ಅದು ಕೇಳಿಸಿಕೊಂಡಿರಬೇಕು. ದೂರದಲ್ಲಿ ಬಸ್ಸಿನ ಹಾರನ್ ಆಯಿತು. ಗೌರಮ್ಮನ ನೆರಿಗೆ ಜಗ್ಗಿ, ಬೀದಿಗೆಲ್ಲ ಕೇಳುವ ಹಾಗೆ ಅದು ಹೇಳಿತು:

"ಅವ್ವಾ, ಬಸ್ ಬಂತು, ಹೋಗಾಣ. ಟೀಚರಮ್ಮ ಇಲ್ಲೇ ಇರ್ಲಿ."

ಸುಶೀಲಮ್ಮ ಟ್ರಂಕನ್ನು ನಡುಬೀದಿಯಲ್ಲಿ ಇಳಿಸಿದರು. ಮೂರು ವರ್ಷದಲ್ಲಿ ಮಗಳು ಅವರನ್ನು ಏನಾದರೂ ಎಂದು ಕರೆದದ್ದು ಅದೇ ಮೊದಲು.